ಉಪಕಾರದ ಮೊದಲಕ್ಷರ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದೇ ಒಂದು ಅಕ್ಷರ. ಅದೂ ಕಾಗದದ ಮೇಲಿನದಲ್ಲ, ವಿಡಿಯೋ ಗೇಮಿನೊಳಗಿನ ಒಬ್ಬ ವೀರನ ತೋಳಿನ ಮೇಲಿನದು.

ಆ ವೀರನಿಗೆ ತೋಳು ಕೊಟ್ಟವರು ಬೇರೆ, ಮೀಸೆ ಕೊಟ್ಟವರು ಬೇರೆ. ಹಚ್ಚೆ ಹಾಕುವುದಷ್ಟೇ ನಮ್ಮ ಹಚ್ಚೆರಾಯನ ಕೆಲಸ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆಫೀಸಿನಲ್ಲಿ ಅದನ್ನು ಎಲ್ಲರೂ ಮರೆತಿದ್ದರು. ಪಾತ್ರದ ಚರ್ಮವನ್ನು ಕಿತ್ತಳೆ ಸಿಪ್ಪೆಯ ಹಾಗೆ ಬಿಡಿಸಿ ಕಂಪ್ಯೂಟರಿನಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತಿದ್ದ. ಅದರ ಮೇಲೆ ಹಾವೋ ಚೇಳೋ ಬರೆದು ಮತ್ತೆ ಮೈಗೆ ಸುತ್ತುತ್ತಿದ್ದ. ಸ್ವಂತ ಮೈಮೇಲೆ ಮಾತ್ರ ಒಂದು ಚುಕ್ಕೆಯೂ ಇಲ್ಲ, ಸೂಜಿ ಎಂದರೆ ಸಾಕು ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು.

ಈ ಕೆಲಸ ಸಿಗುವ ಮುಂಚೆ ಅವನು ಬಹಳ ಕಾಲ ಮನೆಯಲ್ಲೇ ಕೂತಿದ್ದ. ಆಗ ಅವನನ್ನು ಕಾಪಾಡಿದವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಒಳ್ಳೇ ಬೆಳಕು ಬೀಳುವ ತಮ್ಮ ಕೋಣೆಯನ್ನು ಅಳಿಯನ ಕಂಪ್ಯೂಟರಿಗೆ ಬಿಟ್ಟುಕೊಟ್ಟು ತಾವು ನಡುಮನೆಯಲ್ಲಿ ಮಲಗಿದರು. ಬಂದವರು ಹೋದವರು "ಅಳಿಯಂದಿರು ಏನ್ಮಾಡ್ತಿದಾರೆ?" ಎಂದು ಮೂಗು ತೂರಿಸಿದರೆ, "ಪುರುಸೊತ್ತೇ ಇಲ್ಲ ಕಣ್ರೀ, ದೊಡ್ಡ ಕೆಲಸದಲ್ಲಿದಾರೆ" ಎಂದು ಬಾಗಿಲಲ್ಲೇ ಸಾಗಹಾಕುತ್ತಿದ್ದರು. ಹಚ್ಚೆರಾಯ ಒಳಗೆ ಕೂತು ಆ ಮಾತು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದ. ಹಚ್ಚೆ ಬರೆಯುವುದನ್ನು ಅವನು ಕಲಿತದ್ದೇ ಆ ಕೋಣೆಯಲ್ಲಿ.

ಒಂದು ಕೃತಜ್ಞತೆಯ ಮಾತು ಹೇಳಬೇಕೆಂದು ಎಷ್ಟೋ ಸಲ ಅತ್ತೆಯ ಮುಂದೆ ಹೋಗಿ ನಿಂತದ್ದುಂಟು. ಪ್ರತಿ ಸಲವೂ ನಾಲಿಗೆ ಒಣಗಿ, "ಅತ್ತೆ, ನೀರು" ಎಂದು ಕೇಳಿ, ಕುಡಿದು ವಾಪಸು ಬಂದಿದ್ದ.

ಇವತ್ತು ಮನೆಮಂದಿಯನ್ನೆಲ್ಲ ಆಫೀಸಿಗೆ ಕರೆದು ಹೊಸ ಗೇಮ್ ತೋರಿಸುವ ದಿನ. ಬಾಯಿಂದ ಆಗದ್ದನ್ನು ಕೈಯಿಂದ ಮಾಡಿ ಮುಗಿಸುತ್ತೇನೆಂದು ಹಚ್ಚೆರಾಯ ವೀರನ ತೋಳಿನ ಮೇಲೆ ಬಳ್ಳಿಯ ನಡುವೆ ಬರೆದ: "ಅತ್ತೆಯ ಉಪಕಾರ ಮರೆಯಲಾರೆ."

ಆಗ ಬಂದ ಕತ್ತರಿ. ಗೇಮಿನಲ್ಲಿ ಏನು ಭಾರವಾದರೂ ಕತ್ತರಿಸಿ ಹಗುರ ಮಾಡುವ ಸಹೋದ್ಯೋಗಿಗೆ ಇದ್ದ ಹೆಸರು ಅದು.

"ಗುರುವೇ, ನಿನ್ನ ತೋಳು ಭಾರ ಆಯ್ತು."

"ನನ್ನ ತೋಳಾ?"

"ವೀರಂದು. ಫೈಲು ಅರ್ಧಕ್ಕೆ ಇಳಿಸಿದೀನಿ. ಎರಡು ಕೈಗೆ ಎರಡು ಚಿತ್ರ ಯಾಕೆ ಅಂತ ಬಲಗೈದನ್ನೇ ತಿರುಗಿಸಿ ಎಡಗೈಗೂ ಅಂಟಿಸಿದೀನಿ, ಕನ್ನಡಿ ತರ."

"ಅಕ್ಷರ ಉಲ್ಟಾ ಆಗತ್ತಲ್ಲೋ!"

"ಅವನು ಹೊಡೆಯೋಕೆ ಬರೋವಾಗ ಕೈ ಯಾರಪ್ಪ ಓದ್ತಾರೆ? ನಾಳೆಯಿಂದ ರಜೆ. ಹೆಂಡತಿ ಜೊತೆ ಸುತ್ತಾಡೋ ಯೋಚನೆ ಮಾಡು ಹೋಗು."

ಹಚ್ಚೆರಾಯ ತೆರೆದು ನೋಡಿದರೆ ಅಕ್ಷರಗಳೆಲ್ಲ ನೀರು ಬಿದ್ದ ಶಾಯಿಯಂತೆ ಕದಡಿವೆ. ಸರಿಮಾಡೋಣವೆಂದು ಕೂರುವಷ್ಟರಲ್ಲಿ ಅತ್ತೆಯ ಫೋನು. ಹೆಂಡತಿಗೆ ಡ್ಯೂಟಿ ಇದ್ದುದರಿಂದ ಅತ್ತೆ ಮೇಲ್ಮನೆಯಾಕೆಯನ್ನು ಜೊತೆಗೆ ಹೊರಡಿಸಿಕೊಂಡು ಆಗಲೇ ಮನೆಯ ಗೇಟಿನ ಹತ್ತಿರ ನಿಂತಿದ್ದರು. ಕರೆತರಲು ಓಡುತ್ತ ಹಚ್ಚೆರಾಯ ಪಕ್ಕದ ಮೇಜಿನ ಕತೆಗಾರನಿಗೆ ಕೈಮುಗಿದ. ಗೇಮಿನ ಕತೆ ಬರೆಯುವ ಉಪಕಾರಿ ಜೀವಿ ಅವನು.

"ಆ ಅಕ್ಷರ ಸ್ವಲ್ಪ ತಿದ್ದಿಡು ಮಹರಾಯ."

"ಹೋಗ್ಬಾ, ನಾನಿಲ್ವಾ?" ಎಂದ ಕತೆಗಾರ.

ಮೇಲ್ಮನೆಯಾಕೆಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ದಾರಿಯುದ್ದಕ್ಕೂ ಅಂಗಡಿಯ ಬೋರ್ಡು, ಬಸ್ಸಿನ ಬೆನ್ನು, ಡ್ರೈವರನ ಅಂಗಿಯ ಜೇಬು, ಯಾವುದನ್ನೂ ಬಿಡಲಿಲ್ಲ. ಹಚ್ಚೆರಾಯನಿಗೆ ಒಳಗೊಳಗೇ ಖುಷಿ. ತೋಳಿನ ಮೇಲಿನದನ್ನೂ ಈಕೆಯೇ ಓದಲಿ, ಹತ್ತು ಜನರ ಎದುರು ಅತ್ತೆಯ ಕಿವಿಗೆ ಬೀಳಲಿ ಎಂದುಕೊಂಡ.

ದೀಪ ಆರಿತು. ದೊಡ್ಡ ಪರದೆಯ ಮೇಲೆ ವೀರ ಬಂದು ತೋಳೆತ್ತಿದ. ಮೇಲ್ಮನೆಯಾಕೆ ನಿರಾಸೆ ಮಾಡಲಿಲ್ಲ.

"ಅತ್ತೆಯ... ಅಪಕಾರ... ಮರೆಯಲಾರೆ! ಅಯ್ಯಯ್ಯೋ, ಯಾವ ಅತ್ತೆಯಂತೆ?"

ಹಚ್ಚೆರಾಯ ತಿರುಗಿ ನೋಡಿದ. ಪಕ್ಕದಲ್ಲಿ ಕತೆಗಾರ ಹಲ್ಲು ಕಿರಿಯುತ್ತಿದ್ದ.

"'ಪಕಾರ'ದ ಮೊದಲಕ್ಷರ ಅಳಿಸಿಹೋಗಿತ್ತು ಕಣೋ. ಸೇಡಿನ ವೀರ, ಇನ್ನೇನಿರತ್ತೆ ಅಂತ ನಾನೇ 'ಅ' ಹಾಕ್ದೆ. ಹೆಂಗೆ?"

ಮೇಲ್ಮನೆಯಾಕೆ ತಪ್ಪು ಓದಿದಳೆಂದಾದರೂ ಅತ್ತೆ ತಿಳಿಯಲಿ ಎಂದು ಹಚ್ಚೆರಾಯ ಎದ್ದವನೇ ಆಡುತ್ತಿದ್ದವನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ವೀರನನ್ನು ಗಿರಕ್ಕನೆ ಆ ಕಡೆ ತಿರುಗಿಸಿದ. ಎಡಗೈ ಎದುರಾಯಿತು. ಅಕ್ಷರ ಉಲ್ಟಾ. ಮೇಲ್ಮನೆಯಾಕೆ ಕತ್ತು ಓರೆ ಮಾಡಿ, ಓದಲಾಗದೆ ಸುಮ್ಮನಾದಳು. ಕತ್ತರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳುವಷ್ಟರಲ್ಲಿ ಅತ್ತೆ ಕನ್ನಡಕ ಒರೆಸಿ ಹಾಕಿಕೊಳ್ಳುವುದು ಕಂಡಿತು. ಆಗ ಅವನಿಗೆ ನೆನಪಾಯಿತು, ಅತ್ತೆ ಹರೆಯದಿಂದ ಮುಪ್ಪಿನವರೆಗೆ ಅಚ್ಚುಕೂಟದಲ್ಲಿ ಉಲ್ಟಾ ಎರಕದ ಅಕ್ಷರದ ಮೊಳೆ ಜೋಡಿಸಿದವರು. ಉಲ್ಟಾ ಅಕ್ಷರವೇ ಅವರಿಗೆ ನೆಟ್ಟಗೆ ಕಾಣುವುದು.

ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದ. ವೀರ ಎರಡೂ ತೋಳು ಬೀಸಿ ಕುಣಿದ, ಪಲ್ಟಿ ಹೊಡೆದ, ಕೊನೆಗೆ ಹೊಂಡಕ್ಕೆ ಬಿದ್ದ. ಮೈಯೆಲ್ಲ ಮುಳುಗಿತು, ತೋಳು ಮಾತ್ರ ನೀರಿನ ಮೇಲೇ ಉಳಿಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ವಾಹ್! ಈ ಹಚ್ಚೆ ಯಾರ ಐಡಿಯಾ?" ಎಂದರು ಆಫೀಸಿನ ಯಜಮಾನರು. ಕತ್ತರಿ ಒಂದು ಕಡೆಯಿಂದ, ಕತೆಗಾರ ಒಂದು ಕಡೆಯಿಂದ ಹಚ್ಚೆರಾಯನನ್ನು ಮುಂದಕ್ಕೆ ತಳ್ಳಿದರು. ಅತ್ತೆ ತಲೆ ತಗ್ಗಿಸಿ ಕೂತಿದ್ದರು.

ವಾಪಸು ಬರುವಾಗ ಮೇಲ್ಮನೆಯಾಕೆ ಒಂದು ಬೋರ್ಡನ್ನೂ ಓದಲಿಲ್ಲ. ಪರಿಸ್ಥಿತಿ ಅಷ್ಟು ಕೆಟ್ಟಿತ್ತು.

ಮನೆಗೆ ಬಂದು ಬಾಗಿಲು ಹಾಕಿದ್ದೇ ಹಚ್ಚೆರಾಯ ಅತ್ತೆಯ ಎದುರು ನಿಂತ. ಈ ಸಲ ನೀರು ಕೇಳಲಿಲ್ಲ.

"ಅತ್ತೆ, ಅದು ಅಪಕಾರ ಅಲ್ಲ, ಉಪಕಾರ. ನಾನು ಬರೆದದ್ದು ಉಪಕಾರ ಅಂತ್ಲೇ. ನಿಮ್ಮ ಕೋಣೆ ಬಿಟ್ಕೊಟ್ರಿ, ಊರವರೆದುರು ನನ್ನ ಮಾನ ಉಳಿಸಿದ್ರಿ. ನೀವಿಲ್ದಿದ್ರೆ ನಾನು ಏನೂ ಆಗ್ತಿರಲಿಲ್ಲ. ಇಷ್ಟು ದಿನ ಹೇಳೋಕಾಗ್ಲಿಲ್ಲ, ಅಷ್ಟೇ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

"ಉಪಕಾರಾನಾ? ಹಾಗಾದ್ರೆ ನಿಮಗೆ ವಿಷಯ ಗೊತ್ತಾಗಿಲ್ವಾ?"

"ಯಾವ ವಿಷಯ?"

"ನೀವು ಮನೇಲಿ ಕೂತಿದ್ರಲ್ಲ, ಆಗ ಇದೇ ಆಫೀಸಿಂದ ಫೋನ್ ಬರ್ತಿತ್ತು. ಬಂದು ಕೆಲಸಕ್ಕೆ ಸೇರ್ಕೊಳ್ಳಿ ಅಂತ. ಯಾರೋ ನಿಮ್ಮನ್ನ ಆಡ್ಕೊಳ್ತಿದಾರೆ ಅಂದ್ಕೊಂಡೆ. 'ಪುರುಸೊತ್ತೇ ಇಲ್ಲ, ದೊಡ್ಡ ಕೆಲಸದಲ್ಲಿದಾರೆ' ಅಂತ ಹೇಳಿ ಹೇಳಿ ಇಟ್ಬಿಟ್ಟೆ." ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇವತ್ತು ಆ ಅಕ್ಷರ ನೋಡಿ, ಅಂತೂ ಅಳಿಯಂದಿರಿಗೆ ತಿಳೀತು ಅಂದ್ಕೊಂಡೆ. ಅಷ್ಟು ಕಾಲ ಮೊಳೆ ಜೋಡಿಸಿದೀನಿ, ಇಷ್ಟು ಸರಿಯಾಗಿ ಬಿದ್ದ ಅಕ್ಷರ ಕಂಡಿರಲಿಲ್ಲ."

ಹಚ್ಚೆರಾಯ ಸಿಟ್ಟಿಗಾಗಿ ಒಳಗೆಲ್ಲ ತಡಕಾಡಿದ. ಸಿಕ್ಕಿದ್ದು ಆ ಕೋಣೆಯ ಬೆಳಕು, ಕಿಟಕಿಯ ಪಕ್ಕ ಅತ್ತೆ ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದ ತಟ್ಟೆ. ಆಗಲೇ ಸೇರಿದ್ದರೆ ಹಚ್ಚೆ ಕಲಿಯಲು ಪುರುಸೊತ್ತೆಲ್ಲಿತ್ತು? ಅವನಿಗೆ ನಗು ಬಂತು.

"ಬಿಡಿ ಅತ್ತೆ. ಯಾವ ಅಕ್ಷರ ಹಾಕಿದ್ರೂ ಮರೆಯಲಾರೆ ಅನ್ನೋದು ನಿಜ ತಾನೇ?"

ಅತ್ತೆ ಅಳುತ್ತಳುತ್ತಲೇ ನಕ್ಕರು. "ಇನ್ಮೇಲೆ ನಿಮಗೆ ಬಂದ ಒಂದು ಕೆಲಸಾನೂ ತಪ್ಪಿಸಲ್ಲ, ನಿಮ್ಮಾಣೆ."

ನಡುಮನೆಯ ಫೋನು ಬಡಿದುಕೊಂಡಿತು. ಹಚ್ಚೆರಾಯ ಏಳುವ ಮೊದಲೇ ಅತ್ತೆ ಎತ್ತಿದರು.

"ಯಜಮಾನರಾ? ಹೇಳಿ... ನಾಳೆಯಿಂದಾನಾ? ಅಯ್ಯೋ, ಪುರುಸೊತ್ತಾಗೇ ಇದಾರೆ ಕಣ್ರೀ, ಒಂಚೂರೂ ಕೆಲಸ ಇಲ್ಲ! ರಜೆ ಪೂರ್ತಿ ಬರ್ತಾರೆ... ಇಡೀ ಸೈನ್ಯಕ್ಕಾ? ಬರೀತಾರೆ, ಬರೀತಾರೆ."

ಫೋನಿಟ್ಟು ತಿರುಗಿದ ಅತ್ತೆಯ ಮುಖದಲ್ಲಿ ಎಷ್ಟೋ ವರ್ಷದ ಭಾರ ಇಳಿದ ಕಳೆ.

"ಗೇಮಿನ ಸೈನಿಕರ ಒಬ್ಬೊಬ್ಬರ ತೋಳಿಗೂ ಅದೇ ಹಚ್ಚೆ ಬೇಕಂತೆ. 'ಅ' ಇನ್ನೂ ದಪ್ಪ ಇರ್ಲಿ ಅಂದ್ರು. ಬೆಳಿಗ್ಗೇನೇ ಕಳಿಸ್ತೀನಿ ಅಂತ ಒಪ್ಕೊಂಡೆ. ಈ ಸಲ ಸರಿಯಾಗಿ ಹೇಳಿದ್ನಲ್ವಾ?"

ಹಚ್ಚೆರಾಯ ಬಾಯಿ ತೆರೆದ. ನಾಲಿಗೆ ಒಣಗಿತ್ತು.

"ಅತ್ತೆ, ನೀರು" ಎಂದ.