ಪ್ರಶಾಂತಪುರದ ಸಹೋಚ್ಚಾರ ನಿಷೇಧ

ಈಗಿನ ಯಾವ ಸರ್ಕಾರಕ್ಕೂ ಮುಜುಗರವಾಗದಷ್ಟು ಹಿಂದೆ, ಪ್ರಶಾಂತಪುರವೆಂಬ ರಾಜ್ಯವೊಂದಿತ್ತು. ಅಲ್ಲಿಯ ದೊರೆಗಳಾದ ಶ್ರೀಮನ್ಮಹಾರಾಜ ನಿಶ್ಶಬ್ದವಿಕ್ರಮದೇವರು ಯುದ್ಧ ಗೆದ್ದವರಲ್ಲ, ಕೆರೆ ಕಟ್ಟಿಸಿದವರೂ ಅಲ್ಲ. ಆದರೂ ಹೊರದೇಶಗಳಲ್ಲೆಲ್ಲ ಅವರ ಹೆಸರಿತ್ತು. ಕಾರಣ, ಅರಮನೆಯ ಬಣ್ಣದ ಮನೆಯಲ್ಲಿ ತಯಾರಾಗುತ್ತಿದ್ದ ಕೆಂಪು ರೇಷ್ಮೆ. ಪರದೇಶದ ರಾಣಿಯರಿಗೆ ಅದನ್ನುಟ್ಟ ಮೇಲೆಯೇ ತಾವು ರಾಣಿಯರೆಂದು ನಂಬಿಕೆ ಬರುತ್ತಿತ್ತು.

ಆ ಕೆಂಪು ಹುಟ್ಟುತ್ತಿದ್ದುದು ನೆಲದ ಮಟ್ಟಕ್ಕೆ ಹೂತಿಟ್ಟ ದೊಡ್ಡ ಕೊಪ್ಪರಿಗೆಗಳಲ್ಲಿ. ಕುದಿಯುವ ಬಣ್ಣದ ಅಂಚಿಗೆ ನಿಂತು, ಹಬೆಯಲ್ಲಿ ಮುಖ ಕಾಣದ ಹೆಂಗಸರು ಉದ್ದನೆಯ ಕೋಲುಗಳಿಂದ ರೇಷ್ಮೆಯನ್ನು ತಿರುವುತ್ತಿದ್ದರು. ಒಂದು ಮಧ್ಯಾಹ್ನ ನೀಲವ್ವನೆಂಬುವಳ ಕಾಲು ಜಾರಿತು. ಎಳೆದು ಹೊರಗೆ ಹಾಕಿದರೂ ಉಳಿಯಲಿಲ್ಲ. ಅಧಿಕಾರಿಗಳು ಧಾವಿಸಿ ಬಂದು, ಕೊಪ್ಪರಿಗೆಯನ್ನು ಪರೀಕ್ಷಿಸಿ, ಬಣ್ಣ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ರಜೆಗಳು ಗಾಬರಿಪಡುವ ಅಗತ್ಯವಿಲ್ಲವೆಂದು ಪತ್ರಿಕಾ ಪ್ರಕಟಣೆ ಹೊರಡಿಸಿದರು.

ನೀಲವ್ವನ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದವಳು ತಿಪ್ಪವ್ವ. ಮರುದಿನ ಅವಳು ಕೋಲನ್ನು ಗೋಡೆಗೆ ಒರಗಿಸಿ ಕೂತುಬಿಟ್ಟಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು.

“ಕೊಪ್ಪರಗಿ ಸುತ್ತ ಮೊಣಕಾಲಮಟ ಒಂದು ಕಟ್ಟಿ ಕಟ್ಟಸ್ರಿ,” ಎಂದಳು ತಿಪ್ಪವ್ವ ಮೇಲ್ವಿಚಾರಕನಿಗೆ. “ಅಲ್ಲೀಮಟ ನಾವ್ಯಾರೂ ಕೋಲ್ ಹಿಡಿಯಂಗಿಲ್ಲ. ಇದು ನನ್ನ ಮಾತಲ್ಲ, ನಮ್ಮ ಸಂಘದ ಮಾತು.”

ಸಂಘ ಎಂಬ ಪದ ಅರಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಆಸ್ಥಾನ ಕೂಡಿತ್ತು. ದೊರೆಗಳು ಪ್ರಧಾನಿ ಸಮ್ಮತಿರಾಯನನ್ನು ಕೇಳಿದರು: “ಕಟ್ಟೆಗೆ ಬಹಳ ಇಟ್ಟಿಗೆ ಬೇಕೇನಯ್ಯ?”

“ಒಂದು ಗಾಡಿ ಸಾಕು, ಮಹಾಪ್ರಭು. ಆದರೆ ಪ್ರಶ್ನೆ ಇಟ್ಟಿಗೆಯದಲ್ಲ. ಒಬ್ಬಳು ಬಂದು ಕಾಲಿಗೆ ಬಿದ್ದು ಕೇಳಿದ್ದರೆ ಅದು ಅಹವಾಲು. ತಾವು ದಯಪಾಲಿಸಿದ್ದರೆ ಅದು ಕರುಣೆ. ಎಲ್ಲರೂ ಸೇರಿ ಕೇಳಿದ ಮೇಲೆ ಕೊಟ್ಟರೆ ಅದು ಅವರ ಹಕ್ಕಾಗಿಬಿಡುತ್ತದೆ. ಆಮೇಲೆ ತಮ್ಮ ಕರುಣೆಗೆ ಈ ರಾಜ್ಯದಲ್ಲಿ ಏನು ಕೆಲಸ?”

“ನನ್ನ ಕರುಣೆಗೇ ಕೈ ಹಾಕಿದರೇ!” ದೊರೆಗಳ ಕಣ್ಣು ತುಂಬಿ ಬಂತು.

ಅಂದೇ ಸಹೋಚ್ಚಾರ ನಿಷೇಧ ಸುಗ್ರೀವಾಜ್ಞೆ ಜಾರಿಯಾಯಿತು. ಇಬ್ಬರು ಪ್ರಜೆಗಳು ಒಂದೇ ಹೊತ್ತಿನಲ್ಲಿ ಒಂದೇ ಮಾತನ್ನು ಆಡತಕ್ಕದ್ದಲ್ಲ. ಆಸ್ಥಾನದ ಪರಾಕಿಗೆ ಮಾತ್ರ ವಿನಾಯಿತಿ. ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿದ್ದ ಶಾಲೆಗೆ ಕಾವಲುಗಾರರು ಬೀಗ ಜಡಿದರು. ಸಾವಿನ ಮನೆಯೊಂದರಲ್ಲಿ “ಅಪ್ಪಾ” ಎಂದು ಒಟ್ಟಿಗೆ ಅತ್ತ ಅಕ್ಕತಂಗಿಯರಿಗೆ ಸರದಿಯಂತೆ ಅಳಲು ಸೂಚನೆ ಕೊಟ್ಟರು.

ಬಣ್ಣದ ಮನೆಯ ಹೆಂಗಸರು ಕಾನೂನಿಗೆ ತಲೆಬಾಗಿದರು. ಅರಮನೆಯ ಮುಂದೆ ಸಾಲಾಗಿ ನಿಂತು, ಒಬ್ಬಳು “ಕೊಪ್ಪರಗಿಗೆ” ಎಂದಳು. ಅವಳ ಬಾಯಿ ಮುಚ್ಚಿದ ಮೇಲೆ ಇನ್ನೊಬ್ಬಳು “ಕಟ್ಟಿ” ಎಂದಳು. ಕೊನೆಯಲ್ಲಿ ತಿಪ್ಪವ್ವ “ಕಟ್ಟಸ್ರಿ” ಎಂದಳು. ದಳವಾಯಿ ಆಜ್ಞೆಯನ್ನು ತಿರುವಿ ತಿರುವಿ ಓದಿದರೂ ಅಪರಾಧ ಸಿಗಲಿಲ್ಲ. ಸಂಜೆಯೊಳಗೆ ಸಮ್ಮತಿರಾಯ ತಿದ್ದುಪಡಿ ತಂದ: ಒಂದೇ ಮಾತಷ್ಟೇ ಅಲ್ಲ, ಒಂದೇ ಆಸೆಯೂ ಅಪರಾಧ. ತಿಪ್ಪವ್ವ ಸೆರೆಮನೆ ಸೇರಿದಳು. ಉಳಿದವರನ್ನು ಈಟಿಯ ಮೊನೆಯಲ್ಲಿ ಕೊಪ್ಪರಿಗೆಗಳ ಅಂಚಿಗೆ ತಂದು ನಿಲ್ಲಿಸಿದರು.

ಸುದ್ದಿ ಸಮುದ್ರ ದಾಟಿತು. ಸಮಸ್ತದ್ವೀಪ ಶ್ರಮಸಂರಕ್ಷಣಾ ಮಹಾಮಂಡಳಿ ಮೊದಲು ಕಳವಳ ವ್ಯಕ್ತಪಡಿಸಿತು, ನಂತರ ಗಂಭೀರ ಕಳವಳ, ಆಮೇಲೆ ತೀವ್ರ ಕಳವಳ.

ದೊರೆಗಳಿಗೆ ದಿಗಿಲಾಯಿತು. “ತೀವ್ರ ಆದ ಮೇಲೆ ಏನಯ್ಯ ಮಾಡುತ್ತಾರೆ?”

“ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಪ್ರಭು.”

ಆದರೆ ಪರದೇಶದ ರಾಣಿಯೊಬ್ಬಳು, ಹೆಣ ಬಿದ್ದ ಬಣ್ಣದ ಸೀರೆ ತನಗೆ ಬೇಡವೆಂದು ಹಡಗನ್ನು ಹಿಂದಕ್ಕೆ ಕಳಿಸಿದಳು. ಆಗ ಮಾತ್ರ ಆಸ್ಥಾನಕ್ಕೆ ಮಾನವೀಯತೆ ನೆನಪಾಯಿತು. ಮಹಾಮಂಡಳಿಯ ವೀಕ್ಷಕ ಮಧ್ಯಮಸೇನನಿಗೆ ಆಹ್ವಾನ ಹೋಯಿತು. ಅವನು ಬರುವ ಮುನ್ನ ರಾಜ್ಯಕ್ಕೊಂದು ಅಧಿಕೃತ ಕಾರ್ಮಿಕ ಸಂಘವೂ ಹುಟ್ಟಿತು. ಅಧ್ಯಕ್ಷ ಸಮ್ಮತಿರಾಯ, ಸದಸ್ಯೆಯರು ದಳವಾಯಿಯ ಸೊಸೆಯಂದಿರು. ಬೆಳ್ಳಿಯ ಕೋಲು ಹಿಡಿದು ಸಾಲಾಗಿ ನಿಂತ ಅವರು, ಕೆಲಸ ಬಹಳ ತಂಪಾಗಿದೆ ಎಂದರು.

ಮಧ್ಯಮಸೇನ ಪ್ರಾಮಾಣಿಕ ಮನುಷ್ಯ. ತಿಪ್ಪವ್ವನನ್ನು ನೋಡಲೇಬೇಕೆಂದು ಹಟ ಹಿಡಿದ. ದೊರೆಗಳ ಮುಂದೆಯೇ ಕರೆತಂದರು. ಒಬ್ಬಳೇ ಮಾತಾಡುವುದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ.

“ನಾವು ಅರಮನಿ ಕೇಳಿಲ್ರಿ ಸಾಹೇಬ್ರ,” ಎಂದಳು ತಿಪ್ಪವ್ವ. “ನೀಲವ್ವನ ಕೈ ಹಿಡದು ಎಳದಾಕಿ ನಾನು. ಆಕಿ ಚರ್ಮ ನನ್ನ ಕೈಯಾಗ ಬಂತು, ಆಕಿ ಉಳೀಲಿಲ್ಲ. ನಾಳಿ ಮತ್ತೊಬ್ಬಾಕಿ ಬೀಳ್ತಾಳ. ನೀವು ಬರಕೊಂಡು ಹೋಗೂದಕ್ಕಿಂತ ನಾಕು ಇಟ್ಟಂಗಿ ಇಡಸಿ ಹೋಗ್ರಿ.”

ಮಧ್ಯಮಸೇನ ಕೆಂಪು ರೇಷ್ಮೆಯ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಊರಿಗೆ ಮರಳಿ ವರದಿ ಕೊಟ್ಟ: ಪ್ರಶಾಂತಪುರದಲ್ಲಿ ಬಂಧಿತ ಮಹಿಳೆಯೂ ದೊರೆಗಳ ಸಮ್ಮುಖದಲ್ಲಿ ಮುಕ್ತವಾಗಿ ಮಾತಾಡುತ್ತಾಳೆ, ಸಂವಾದ ಪ್ರಕ್ರಿಯೆ ಆಶಾದಾಯಕವಾಗಿದೆ, ಇಂಥ ರಾಜ್ಯವನ್ನು ದೂರವಿಡದೆ ಜೊತೆಗೆ ಸೇರಿಸಿಕೊಳ್ಳಬೇಕು. ಮಹಾಮಂಡಳಿ ಸೇರಿಸಿಕೊಂಡಿತು. ನಿಶ್ಶಬ್ದವಿಕ್ರಮದೇವರನ್ನೇ ಅಧ್ಯಕ್ಷರನ್ನಾಗಿ ಆರಿಸಿ, ‘ಶ್ರಮಿಕಬಂಧು’ ಕಿರೀಟ ತೊಡಿಸಲು ದಿನ ಗೊತ್ತುಮಾಡಿತು.

ಆ ಸಮಾರಂಭದ ನಿಲುವಂಗಿಗಾಗಿ ಕೊಪ್ಪರಿಗೆಗಳಿಗೆ ಬೆಂಕಿ ಹೆಚ್ಚಿಸಿದರು. ಹಬೆಯಲ್ಲಿ ಹೊಸದಾಗಿ ಸೇರಿದ ದುರುಗವ್ವನ ಪಾದ ಅಂಚು ದಾಟುವುದನ್ನು ಸುತ್ತಲಿನವರೆಲ್ಲ ಕಂಡರು. ಕಾನೂನು ಯಾರಿಗೂ ನೆನಪಾಗಲಿಲ್ಲ.

“ಹಿಂದಕ್ಕ ಸರೀ!”

ಒಂದೇ ಮಾತು, ಒಂದೇ ಹೊತ್ತು, ಒಂದೇ ಆಸೆ. ಕಾವಲುಗಾರರು ಅಷ್ಟೂ ಜನರನ್ನು ಹಗ್ಗ ಕಟ್ಟಿ ಸೆರೆಮನೆಗೆ ನಡೆಸಿದರು.

“ನೀವೆಲ್ಲಾ ಯಾಕ ಬಂದ್ರಬೇ?” ತಿಪ್ಪವ್ವ ಎದ್ದು ನಿಂತಳು.

“ದುರುಗವ್ವ ಜಾರಿದ್ಲು. ಎಲ್ಲಾರೂ ಒಮ್ಮಿಗೇ ಕೂಗಿದ್ವಿ.”

“ಉಳದ್ಲಾ?”

“ಉಳದ್ಲು.”

ತಿಪ್ಪವ್ವ ಗೋಡೆಯ ಕಡೆ ಸರಿದು ಎಲ್ಲರಿಗೂ ಜಾಗ ಮಾಡಿಕೊಟ್ಟಳು.

ಕಿರೀಟಧಾರಣೆಯ ಸಭೆಗೆ ಈ ಬಗ್ಗೆ ದೂರು ಬಂತು. ಅಧ್ಯಕ್ಷಪೀಠದಿಂದ ನಿಶ್ಶಬ್ದವಿಕ್ರಮದೇವರು ಎದ್ದು ನಿಂತು, ಪ್ರಶಾಂತಪುರದ ಬೆಳವಣಿಗೆಗಳ ಕುರಿತು ತೀವ್ರ ಕಳವಳ ವ್ಯಕ್ತಪಡಿಸಿದರು. ಅವರ ನಿಷ್ಪಕ್ಷಪಾತ ನಿಲುವಿಗೆ ಮಧ್ಯಮಸೇನನೇ ಮೊದಲು ಚಪ್ಪಾಳೆ ತಟ್ಟಿದ. ಸಮಾರಂಭದ ವೆಚ್ಚವನ್ನು ಪ್ರಜೆಗಳ ಉಪ್ಪಿನ ಮೇಲೆ ಹೇರಲಾಯಿತು. ಖಾಲಿಯಾದ ಬಣ್ಣದ ಮನೆಗೆ ದೂರದ ಹಳ್ಳಿಗಳಿಂದ ಗಾಡಿಗಳಲ್ಲಿ ತುಂಬಿ ಬೇರೆ ಹೆಂಗಸರನ್ನು ತಂದರು. ಒಬ್ಬರಿಗೊಬ್ಬರ ಭಾಷೆ ತಿಳಿಯದಂಥವರನ್ನೇ ಆರಿಸಿ ತಂದಿದ್ದರು.