ಮಂಗಳದವರೆಲ್ಲಾ ಬೋಳರು, ಮಸ್ಕಿಯವರೆಲ್ಲಾ ಖಾರದವರು

ಒಬ್ಬನ್ನ ನೋಡಿ ಊರಿಗೆಲ್ಲಾ ಹೆಸರಿಡೋ ಚಟ ನಮ್ಮ ಕಡೆ ಮಂದಿಗೆ ಎಂದೂ ಬಿಟ್ಟಿಲ್ಲ. ನನಗೂ ಬಿಟ್ಟಿಲ್ಲ. ನಿಜಾಮರ ಕಾಲದಾಗ ನಾ ಮಸ್ಕಿಯೊಳಗ ಸಾಲಿ ಮಾಸ್ತರ ಇದ್ದೆ. ಅಪ್ಪ ತೀರಿಕೊಂಡಿದ್ದ, ದೊಡ್ಡ ತಂಗಿ ಲಗ್ನದ ಭಾರ ನನ್ನ ತಲಿ ಮ್ಯಾಲಿತ್ತು. ಆಗಿನ ಮಾತಿವು.

೧. ಬೋಳ ತಲಿ

ಸಂಜಿ ಮುಂದ ದರ್ಜಿ ಸಾಹೇಬರ ಅಂಗಡಿ ಕಟ್ಟಿ ಮ್ಯಾಲ ಕುಂತು, ಲಿಂಗಸುಗೂರು ಟಪ್ಪಾಲಿನಾಗ ಬರೋ ಉರ್ದು ಪತ್ರಿಕೆ ಓದಿ, ಅದರಾಗಿನ ಕತಿ ಕನ್ನಡದಾಗ ಹೇಳತಿದ್ದೆ. ಒಂದು ಕತಿಯೊಳಗ ಮಂಗಳ ಗ್ರಹದಿಂದ ಇಬ್ಬರು ಭೂಮಿಗೆ ಇಳೀತಾರ. ಇಬ್ಬರದೂ ಬೋಳ ತಲಿ. ಬರೆದಾತ ಅಲ್ಲೇ ಷರಾ ಹಾಕಿಬಿಟ್ಟಿದ್ದ, ಮಂಗಳದ ಜನಕ್ಕ ಕೂದಲೇ ಇಲ್ಲಂತ.

ಎಲ್ಲಾರೂ ಹೌದಂತ ತಲಿ ತೂಗಿದರು. ಕ್ಷೌರದ ಕಾಕಾ ಮಾತ್ರ, ಹಂಗಾದ್ರ ಅಲ್ಲಿ ನಮ್ಮಂಥವರ ಹೊಟ್ಟಿಪಾಡು ಹೆಂಗ ಅಂತ ಭಾಳ ಮರಗಿದ. ದರ್ಜಿ ಸಾಹೇಬರು ಸೂಜಿಗೆ ದಾರ ಪೋಣಿಸಿಕೋತ ಅಂದ್ರು:

"ಅಷ್ಟು ದೂರ ಹೊಂಟವರು ಕ್ಷೌರ ಮಾಡಿಸ್ಕೊಂಡು ಬಂದಿರಬೇಕು ಬಿಡ್ರಿ, ಮಾಸ್ತರ."

೨. ಹಿಂದಕ ನಡಿಯೋ ಎತ್ತು

ಮರುದಿನ, ಆ ಇಬ್ಬರು ನಮ್ಮ ಸೀಮಿಗೆ ಬಂದು ಹೋಗಿದ್ರ ತಮ್ಮ ಊರಾಗ ಏನು ಹೇಳ್ಯಾರು ಅಂತ ವಾದ ಎದ್ದಿತು. ಕಪಲಿ ಬಾವಿ ಒಂದು ನೋಡಿದ್ರ ಸಾಕು ಅಂದ ಒಬ್ಬ ರೈತ. ಎತ್ತುಗಳು ಇಳಿಜಾರಿನಾಗ ಮುಂದಕ ಹೋಗಿ ತೊಗಲ ಚೀಲದಾಗ ನೀರು ಎಳೀತಾವ, ನೀರು ಸುರುವಿದ ಮ್ಯಾಲ ಹಂಗೇ ಹಿಂದ ಹಿಂದಕ ಬಾವಿಗೆ ಬರ್ತಾವ. ಅದನ್ನ ಕಂಡವರು, ಭೂಮಿ ಮ್ಯಾಲಿನ ದನ ಎಲ್ಲಾ ಹಿಂದಕ ನಡೀತಾವ ಅಂತ ಊರ ತುಂಬಾ ಸಾರತಾರ. ನಾವು ಹೊಟ್ಟಿ ಹಿಡಕೊಂಡು ನಕ್ವಿ.

ದರ್ಜಿ ಸಾಹೇಬರು ನಗಲಿಲ್ಲ. ನನ್ನ ತಂಗಿಗೆ ಸಿಂಧನೂರಿನ ಸಂಬಂಧ ತಂದವರು ಅವರೇ. ಹುಡುಗನ ಅಪ್ಪ ಅಡ್ಡಗಾಲು ಹಾಕ್ಯಾರ ಅಂದ್ರು. ಅವರು ಹಿಂದೊಮ್ಮೆ ಮಸ್ಕಿಯ ಒಂದು ಮನ್ಯಾಗ ಉಂಡು ಬಾಯಿ ಸುಟ್ಕೊಂಡಿದ್ರಂತ. ಮಸ್ಕಿಯವರು ಉಣ್ಣೋದು ಬೆಂಕಿ, ಹುಡುಗಿ ಮನಿ ಊಟ ಉಂಡು ನೋಡದ ಹೂಂ ಅನ್ನಂಗಿಲ್ಲ ಅಂತ ಹಟ ಹಿಡಿದಿದ್ರು. ನನಗ ಸಿಟ್ಟು ನೆತ್ತಿಗೇರಿತು. ಊರ ಮಾನ ಕಳದ ಆ ಮನಿ ಯಾವುದಂತ ಕೇಳಿದೆ.

"ನಮ್ಮದೇ ರೀ," ಅಂದ್ರು ಸಾಹೇಬರು.

೩. ಮೆತ್ತಗಿನಾಕಿ

ಅವ್ವ ಹೆದರಿ ಎಲ್ಲಾದಕ್ಕೂ ಖಾರ ಬಿಟ್ಟಳು. ಎಣ್ಣಿಗಾಯಿ ಸಪ್ಪಗ, ಪುಂಡಿಪಲ್ಯ ಸಪ್ಪಗ, ಬ್ಯಾಳಿ ಅಂತೂ ಜಡ್ಡಿನವರಿಗೆ ಮಾಡಿದಂಗಿತ್ತು. ಸಿಂಧನೂರಿನಿಂದ ಅಪ್ಪ ಮಗ ಇಬ್ಬರೂ ಬಂದು ಉಣ್ಣಾಕ ಕುಂತರು. ಹಿರಿಯರು ಎರಡು ತುತ್ತಿಗೆ ಮಾರಿ ಸಣ್ಣದು ಮಾಡಿದರು. ಮಸ್ಕಿಯವರಿಗೆ ಅಡಗಿನೇ ಬರಂಗಿಲ್ಲ ಅಂತ ಗೊಣಗಿ, ಕೈ ತೊಳಿಯಾಕ ನೀರು ಕೇಳಿದರು.

ತಂಗಿಗೆ ಹುಡುಗ ಮನಸಿಗೆ ಬಂದಿದ್ದ. ಕಿಟಕಿಯಿಂದ ನೋಡಿದಾಗಿಂದ ಅಕಿ ಮಾರಿ ಅರಳಿತ್ತು, ಅದು ನನಗ ಗೊತ್ತಿತ್ತು. ಮಾಡಿದ್ದು ಕೆಟ್ಟಿತಲ್ಲಪ್ಪಾ ಅಂತ ನನಗ ಅಳೂನೇ ಬಂತು.

ಯಾರೂ ಕರೀದ ಕನ್ಯಾ ಹೊರಗ ಬರೋ ಪದ್ಧತಿ ಇರಲಿಲ್ಲ. ತಂಗಿ ಬಂದೇಬಿಟ್ಟಳು. ಕೈಯಾಗ ಕೆಂಪಿಂಡಿ ಬಟ್ಟಲಿತ್ತು, ಹಸಿ ಕೆಂಪ ಮೆಣಸಿನಕಾಯಿ ಕುಟ್ಟಿದ್ದು. ಇಬ್ಬರ ರೊಟ್ಟಿ ಮ್ಯಾಲೂ ಒಂದೊಂದು ಉಂಡಿ ಇಟ್ಟಳು. ಹುಡುಗ ಅಕಿ ಮಾರಿ ನೋಡಿಕೋತ ತಿಂದ. ಕಣ್ಣಾಗ, ಮೂಗಿನಾಗ ನೀರು ಸುರದರೂ ಬಿಡಲಿಲ್ಲ, ಮತ್ತೊಂದು ರೊಟ್ಟಿ ಕೇಳಿದ. ಹಿರಿಯರೂ ತಿಂದ್ರು. ತಲಿಗೆ ಸುತ್ತಿದ್ದ ಪಟಗಾದ ತುದಿಲೆ ಬೆವರು ಒರಿಸಿಕೋತ, ಮತ್ತ ತಿಂದ್ರು.

ಆ ಸಪ್ಪನ ಊಟಕ್ಕಿಂತ ಬೆಂಕಿನೇ ಬೇಷ್, ಹುಡುಗಿ ಒಪ್ಪಿಗಿ ಅಂತ ಬಿಕ್ಕಳಿಸಿಕೋತ ಹೇಳಿ, ನನ್ನ ಕಡೆ ತಿರುಗಿದರು. "ಅಲ್ರೀ ಮಾಸ್ತರ, ಮಸ್ಕಿ ಹುಡುಗ್ಯಾರೆಲ್ಲಾ ಹಿಂಗೇ ಏನು?"

ನಾ ಬಾಯಿ ತೆಗಿಯೋದರಾಗ ತಂಗಿನೇ ತಲಿ ಬಗ್ಗಿಸಿ, ಸಣ್ಣ ದನಿಲೆ ಹೇಳಿದಳು:

"ಒಬ್ಬಾಕಿನ್ನ ನೋಡಿ ಹಂಗನಬ್ಯಾಡ್ರಿ, ಮಾವಾರ. ನಮ್ಮ ಮನ್ಯಾಗ ಮೆತ್ತಗಿನಾಕಿ ಅಂದ್ರ ನಾನೇ."