ನೂರನೇ ಹಕ್ಕಿಗೆ ಸಾಕ್ಷಿ

ಗಂಡ: ಗೂಬೆ ಅಂದ್ರೆ ಗೂಬೆ! ಸುಮ್ನೆ ಸಹಿ ಹಾಕೇ.

ಹೆಂಡತಿ: ನಾನು ನೋಡಿಲ್ಲ, ಹಾಕಲ್ಲ.

ದೊಡ್ಡ ಉದ್ಯಾನ, ಕೆರೆ ಪಕ್ಕದ ಕಲ್ಲುಬೆಂಚು, ಎಲೆ ಉದುರುವ ಕಾಲ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಗಂಡ ದುರ್ಬೀನನ್ನು ಕಣ್ಣಿಗೆ ಅಂಟಿಸಿಕೊಂಡು ನಿಂತಿದ್ದಾರೆ. ದರ್ಜಿ ಹೆಂಡತಿ ಬೆಂಚಿನ ಮೇಲೆ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾರೆ. ಇವತ್ತು ಹತ್ತು ಗಂಟೆಯೊಳಗೆ ನೂರು ಬಗೆಯ ಹಕ್ಕಿ ಕಂಡವರೇ ಪಕ್ಷಿವೀಕ್ಷಕರ ಸಂಘಕ್ಕೆ ಮುಂದಿನ ವರ್ಷದ ಮುಂದಾಳು. ಪ್ರತಿ ಹಕ್ಕಿಗೂ ಜೊತೆಯಲ್ಲಿ ನೋಡಿದ ಯಾರಾದರೊಬ್ಬರ ಸಹಿ ಬೇಕು. ಸಹಿಗೆ ಸದಾ ಜೊತೆಗಿರಲೆಂದು ಗಂಡ ತಮ್ಮ ಹೆಂಡತಿಯನ್ನೂ ಸದಸ್ಯೆ ಮಾಡಿಸಿದ್ದರು. ತೊಂಬತ್ತೊಂಬತ್ತಾಗಿದೆ. ಇನ್ನು ಉಳಿದಿರುವುದು ಕಾಲು ಗಂಟೆ.

ಗಂಡ: ಮುಂದಾಳಿಗೆ ಸೀಟಿ ಕೊಡ್ತಾರೆ ಕಣೇ! ಮೂವತ್ತು ವರ್ಷ ಊದಿದ ಬಾಯಿ ಇದು. ಈಗ ಮನೇಲಿ ಸೀಟಿ ಹೊಡಿಯೋ ಅಧಿಕಾರ ಇರೋದು ಕುಕ್ಕರಿಗೆ ಮಾತ್ರ.

ಹೆಂಡತಿ: ಪಾಪ ಅನ್ಸುತ್ತೆ ರೀ. ಆದ್ರೂ ನೋಡದೆ ಹಾಕಲ್ಲ. ತೊಂಬತ್ತೊಂಬತ್ತಕ್ಕೂ ಕಣ್ಣಾರೆ ನೋಡೇ ಹಾಕಿರೋದು.

ಗಂಡ: ಮೂರನೇ ಕೊಂಬೆ ನೋಡು. ಕಂದು ಬಣ್ಣ, ಕುತ್ತಿಗೆ ಇಲ್ಲ, ಕೂತಲ್ಲಿಂದ ಅಲ್ಲಾಡಲ್ಲ.

ಹೆಂಡತಿ: ಥೇಟ್ ನಿಮ್ಮಣ್ಣ.

ಗಂಡ: ನಮ್ಮಣ್ಣನ ಸುದ್ದಿಗೆ ಬರಬೇಡ!

ಹೆಂಡತಿ: (ಕಾಲ ಬಳಿ ಬಗ್ಗಿ ನೋಡಿ) ರೀ, ಇಲ್ಲಿ ನೋಡಿ! ಬೂದು ಕೋಟು, ಹಳದಿ ಅಸ್ತರು. ಎಷ್ಟು ಮುದ್ದಾಗಿದೆ!

ಗಂಡ: (ದುರ್ಬೀನು ಇಳಿಸದೆ) ಗಿರಾಕಿಗಳ ಬಟ್ಟೆ ಪುರಾಣ ಮನೇಲಿಟ್ಕೋ.

ಹೆಂಡತಿ: ಅಯ್ಯೋ, ಹಿಂದೆ ಬಾಲ ಇಷ್ಟುದ್ದ ಇದೆ ರೀ!

ಗಂಡ: ಉದ್ದ ಜಾಸ್ತಿ ಆದ್ರೆ ಕತ್ತರಿಸಿ ಹಾಕು. ಈಗ ಬಾಯಿ ಮುಚ್ಚು, ಗೂಬೆ ಹಾರಿಹೋಗುತ್ತೆ.

ಅಷ್ಟರಲ್ಲಿ ಮಾಲಿ ಉದ್ದನೆಯ ಕೋಲು ಹಿಡಿದು ಬಂದು ಮೂರನೇ ಕೊಂಬೆಗೇ ಚಾಚಿದ.

ಗಂಡ: ಏಯ್, ಗೂಬೆ!

ಮಾಲಿ: ಯಾರಿಗೆ ಸ್ವಾಮಿ ಗೂಬೆ ಅಂತಿದ್ದೀರಿ? ನಿನ್ನೆ ಗಾಳಿಗೆ ಹಾರಿಹೋದ ನನ್ನ ಉಣ್ಣೆ ಟೋಪಿ ಇದು. (ಬೆಂಚಿನ ಕಡೆ ನೋಡಿ) ಅಮ್ಮಾ, ನಿಮ್ಮ ಕಾಲ ಹತ್ರ ಕುಂಡೆಕುಸ್ಕ ಹಕ್ಕಿ! ಈ ಸಲ ಇದೇ ಮೊದಲು ಕಾಣಿಸಿದ್ದು.

ಗಂಡ ತಿರುಗುವಷ್ಟರಲ್ಲಿ ಹಕ್ಕಿ ಬಾಲ ಕುಣಿಸುತ್ತಾ ಕೆರೆ ದಾಟಿತ್ತು.

ಗಂಡ: ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?

ಹೆಂಡತಿ: ಹೇಳಿದ್ದಕ್ಕೆ ಕತ್ತರಿಸಿ ಹಾಕು ಅಂದ್ರಲ್ಲ!

ಗಂಡ: ಸರಿ, ನೂರು ಅಂತ ಬರೀತೀನಿ. ಸಹಿ ಹಾಕು.

ಹೆಂಡತಿ: ನೀವೆಲ್ಲಿ ನೋಡಿದ್ರಿ? ನೋಡಿದ್ದು ನಾನು. ಹಿಂದಿನ ತೊಂಬತ್ತೊಂಬತ್ತನ್ನೂ ನೋಡಿದ್ದೀನಿ, ಸಹಿನೇ ಇದೆ. ಹಾಗಾದ್ರೆ ನೂರಾಗಿದ್ದು ನಂಗೆ! ಮಾಲಿ, ಇಲ್ಲೊಂದು ಸಹಿ ಹಾಕಪ್ಪ.

ಹತ್ತು ಗಂಟೆಗೆ ಸೀಟಿ ಹೆಂಡತಿಯ ಕೈಗೆ ಬಂತು. ಗಂಡ ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡು ಮುಖ ಸಣ್ಣಗೆ ಮಾಡಿ ಕೂತರು. ಹೆಂಡತಿ ಸೀಟಿಯನ್ನು ಅವರ ಮುಂದೆ ಹಿಡಿದರು.

ಹೆಂಡತಿ: ತಗೊಳ್ಳಿ, ನೀವೇ ಊದಿ.

ಗಂಡ: ನಿಜವಾಗ್ಲೂ?

ಹೆಂಡತಿ: ನಿಜವಾಗ್ಲೂ. ಆದ್ರೆ ಹಸಿರು ಬಾವುಟ ನನ್ನ ಕೈಲಿರುತ್ತೆ. ನಾನು ಬೀಸಿದ ಮೇಲೆ ಊದಬೇಕು.